ಬಂಗಾಳಕೊಲ್ಲಿಯ ಮಳೆ, ಬಯಲುಸೀಮೆಯ ಕೆರೆ

ದೀಪಾವಳಿ ಕಳೆದು ಕಾರ್ತಿಕದ ಚಳಿ ಕಾಲಿಡುವ ಹೊತ್ತು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹೊಲಗಳಲ್ಲಿ ರಾಗಿ ತೆನೆ ಬಲಿತು ಬಾಗಿರುತ್ತದೆ. ಕೆಲವರು ಆಗಲೇ ಕೊಯ್ದು ಅರಿ ಹಾಕಿರುತ್ತಾರೆ. ಚಿಕ್ಕಬಳ್ಳಾಪುರದ ಸುತ್ತ ಸೇವಂತಿಗೆ ತೋಟಗಳು ಹಳದಿಯಾಗಿರುತ್ತವೆ. ಅಷ್ಟರಲ್ಲಿ ಟಿ.ವಿ.ಯಲ್ಲಿ ಸುದ್ದಿ: ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ, ಚೆನ್ನೈ ಕರಾವಳಿಗೆ ಕಟ್ಟೆಚ್ಚರ. ಮಧ್ಯಾಹ್ನದ ಹೊತ್ತಿಗೆ ಮೂಡಲಿಂದ ಬೂದು ಮೋಡ ಹಾಸಿಕೊಂಡು ಬರುತ್ತದೆ. ಗುಡುಗಿಲ್ಲ, ಸಿಡಿಲಿಲ್ಲ. ರಾತ್ರಿ ಸೋನೆಯಾಗಿ ಹಿಡಿದದ್ದು ಬೆಳಗಾಗುವುದರೊಳಗೆ ಜಡಿಮಳೆಯಾಗಿರುತ್ತದೆ. ಮೂರು ದಿನ ಸೂರ್ಯನ ಮುಖ ಕಾಣುವುದಿಲ್ಲ. ನಾಲ್ಕನೇ ದಿನ ಯಾರೋ ಓಡಿಬಂದು ಕೆರೆ ಕೋಡಿ ಬಿತ್ತು ಅನ್ನುತ್ತಾರೆ. ಊರಿಗೆ ಊರೇ ಏರಿಯ ಮೇಲೆ ನಿಂತು ನೋಡುತ್ತದೆ. ಅದೇ ಹೊತ್ತಿಗೆ ತಗ್ಗಿನ ಬೀದಿಯಲ್ಲಿ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿರುತ್ತದೆ, ಹಳೆಯ ಮಣ್ಣಿನ ಗೋಡೆಯೊಂದು ತೊಯ್ದು ಕುಸಿದಿರುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಅಂದರೆ ರಾಜ್ಯಕ್ಕೆ ನೆನಪಾಗುವುದು ಬರ. ಸಾವಿರ ಅಡಿ ಇಳಿದರೂ ಧೂಳು ಕಾರುವ ಕೊಳವೆಬಾವಿ, ಫ್ಲೋರೈಡ್ ನೀರು, ಟ್ಯಾಂಕರ್ ಮುಂದಿನ ಕೊಡಗಳ ಸಾಲು. ಇಂಥ ಸೀಮೆಯಲ್ಲಿ ನೆರೆ ಎಂದರೆ ಹೊರಗಿನವರು ಹುಬ್ಬೇರಿಸುತ್ತಾರೆ. ಆದರೆ ಈ ಸೀಮೆಯ ಕೆರೆಗಳು ಪೂರ್ತಿ ತುಂಬುವುದೇ ಇಂಥ ಮಳೆಗೆ. ಮುಂಗಾರಿನ ಚದುರಿದ ಮಳೆ ಹೊಲದ ಬಾಯಾರಿಕೆ ತಣಿಸಿದರೆ ಹೆಚ್ಚು. ಅದು ಹಳ್ಳ ಹರಿಸುವುದು, ಕೆರೆ ತುಂಬಿಸುವುದು ಅಪರೂಪ. ಬರವನ್ನು ನೀಗಬಲ್ಲ ಮಳೆಯೇ ನೆರೆಯಾಗಿ ಮನೆಗೆ ನುಗ್ಗುತ್ತಿದೆ ಎಂದರೆ, ನಡುವೆ ಏನೋ ಕೆಟ್ಟಿದೆ. ಕೆಟ್ಟಿರುವುದು ನೀರಿನ ದಾರಿ.

ಕಡಲಿಲ್ಲದ ಊರಿಗೆ ಕಡಲ ಮಳೆ

ಚಿಂತಾಮಣಿಯಿಂದ ಚೆನ್ನೈ ಕಡಲಿಗೆ ಗೆರೆ ಎಳೆದರೆ ಸುಮಾರು ಇನ್ನೂರೈವತ್ತು ಕಿಲೋಮೀಟರ್. ಚಂಡಮಾರುತ ನೆಲ ಮುಟ್ಟಿದ ಕೂಡಲೇ ಅದರ ಗಾಳಿಯ ಬಲ ಕುಗ್ಗತೊಡಗುತ್ತದೆ, ಏಕೆಂದರೆ ಅದಕ್ಕೆ ಶಕ್ತಿ ಕೊಡುತ್ತಿದ್ದ ಬಿಸಿ ಸಮುದ್ರ ಕೆಳಗಿಲ್ಲ. ಹೀಗಾಗಿ ಇಲ್ಲಿಗೆ ಬರುವಾಗ ಮರ ಕಿತ್ತೆಸೆಯುವ ಗಾಳಿ ಇರುವುದಿಲ್ಲ. ಅದು ಹೊತ್ತು ತಂದ ನೀರಿನಾವಿ ಮಾತ್ರ ಹಾಗೇ ಇರುತ್ತದೆ.

ಈ ಆವಿ ತುಂಬಿದ ಗಾಳಿ ತಮಿಳುನಾಡು, ಆಂಧ್ರದ ತಗ್ಗು ಬಯಲನ್ನು ದಾಟಿ ನಮ್ಮ ಪ್ರಸ್ಥಭೂಮಿಯ ಅಂಚು ಹತ್ತಬೇಕು. ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿಬೆಟ್ಟದ ನೆತ್ತಿ 1,478 ಮೀಟರ್. ಮೇಲೇರಿದ ಗಾಳಿ ತಣಿಯುತ್ತದೆ, ತಣಿದ ಆವಿ ಮಳೆಯಾಗುತ್ತದೆ. ನೆಲದ ಮೇಲೆ ಬಲ ಕಳೆದುಕೊಂಡ ವಾಯುಭಾರ ಕುಸಿತ ಕೆಲವೊಮ್ಮೆ ಒಂದೇ ಕಡೆ ತೆವಳುತ್ತಾ ದಿನಗಟ್ಟಲೆ ನಿಲ್ಲುತ್ತದೆ. ಆಗಲೇ ಜಡಿ ಹಿಡಿಯುವುದು.

ಇದು ಹೊಸತಲ್ಲ. ಹಳಬರು ಚಿತ್ತೆ, ಸ್ವಾತಿ, ವಿಶಾಖ, ಅನುರಾಧ ಎಂದು ಲೆಕ್ಕ ಹಾಕುತ್ತಿದ್ದದ್ದು ಈ ಹಿಂಗಾರು ಮಳೆಗಳನ್ನೇ. ಬದಲಾಗಿರುವುದು ಕಡಲಿನ ಬಿಸಿ. ಚಂಡಮಾರುತ ಹುಟ್ಟಲು ಸಮುದ್ರದ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಆದರೂ ಇರಬೇಕು. ಬಂಗಾಳಕೊಲ್ಲಿ ಬಹುಕಾಲ ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ, ಈಗ ಇನ್ನೂ ಕಾಯುತ್ತಿದೆ. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ಆವಿ ಶೇ 7ರಷ್ಟು ಹೆಚ್ಚುತ್ತದೆ. ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕೆ ಹೋಲಿಸಿದರೆ ಭೂಮಿ ಈಗಾಗಲೇ ಒಂದು ಡಿಗ್ರಿಗೂ ಹೆಚ್ಚು ಬಿಸಿಯಾಗಿದೆ. ಸುರಿದರೆ ಒಮ್ಮೆಗೇ ಸುರಿಯುವ, ಹೋದರೆ ತಿಂಗಳುಗಟ್ಟಲೆ ಸುಳಿಯದ ಮಳೆಯ ಹಿಂದೆ ಈ ಲೆಕ್ಕವಿದೆ.

ಕರಾವಳಿಯವರ ಕಷ್ಟ ಬೇರೆ ಬಗೆಯದು. 2013ರ ನವೆಂಬರ್‌ನಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಹಯಾನ್ ಟೈಫೂನಿಗೆ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಟೈಫೂನಿಗೂ ನಮ್ಮ ಚಂಡಮಾರುತಕ್ಕೂ ಹುಟ್ಟಿನಲ್ಲಿ ವ್ಯತ್ಯಾಸವಿಲ್ಲ, ಹುಟ್ಟುವ ಸಾಗರ ಬೇರೆ. ಅಲ್ಲಿಯಂತೆ ಕಡಲೇ ಊರೊಳಗೆ ನುಗ್ಗುವ ಭಯ ನಮಗಿಲ್ಲ. ನಮ್ಮ ಕಷ್ಟ ನಿಧಾನದ್ದು, ಹೊಲದಲ್ಲಿ, ಗೋಡೆಯಲ್ಲಿ, ರೇಷ್ಮೆಯ ಹುಳುಮನೆಯಲ್ಲಿ ಆಗುವಂಥದ್ದು. ಆದ್ದರಿಂದಲೇ ಅದು ದೊಡ್ಡ ಸುದ್ದಿಯಾಗುವುದಿಲ್ಲ.

2021ರ ನವೆಂಬರ್

ಆ ವರ್ಷ ಮಳೆ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. ಆಗಸ್ಟ್ ಕೊನೆಯ ವಾರ ಒಂದು ರಾತ್ರಿಯ ಮಳೆಗೆ ನಂದಿಬೆಟ್ಟದ ರಸ್ತೆಯ ಮೇಲೆ ಗುಡ್ಡ ಜರಿದು, ರಸ್ತೆಯ ತುಂಡೊಂದು ಕೊಚ್ಚಿಹೋಯಿತು. ಮೂರು ತಿಂಗಳಿಗೂ ಹೆಚ್ಚು ಕಾಲ ಪ್ರವಾಸಿಗರಿಗೆ ಬೆಟ್ಟ ಮುಚ್ಚಿತ್ತು.

ನವೆಂಬರ್‌ನಲ್ಲಿ ಬಂಗಾಳಕೊಲ್ಲಿಯಿಂದ ಒಂದರ ಹಿಂದೆ ಒಂದು ವಾಯುಭಾರ ಕುಸಿತ. 11ರಂದು ಒಂದು ಚೆನ್ನೈ ಬಳಿ ದಡ ದಾಟಿತು, 19ರಂದು ಇನ್ನೊಂದು ಪುದುಚೇರಿ ಮತ್ತು ಚೆನ್ನೈ ನಡುವೆ. ಮೊದಲನೆಯದರ ನೀರನ್ನು ಕುಡಿದು ನೆನೆದಿದ್ದ ನೆಲದ ಮೇಲೆ ಎರಡನೆಯದು ಬಂತು. ಹೀಗೆ ಬೆನ್ನು ಬೆನ್ನಿಗೆ ಬರುವ ಮಳೆಯೇ ಅಪಾಯಕಾರಿ, ಏಕೆಂದರೆ ನೆನೆದ ನೆಲ ಇನ್ನು ನೀರು ಹೀರುವುದಿಲ್ಲ, ಬಿದ್ದದ್ದೆಲ್ಲ ಹರಿಯುತ್ತದೆ. ಎಷ್ಟೋ ವರ್ಷ ಒಣಗಿ ಜಾಲಿ ಬೆಳೆದಿದ್ದ ಕೆರೆಗಳು ತುಂಬಿ ಕೋಡಿ ಹರಿದವು. ಮರಳು ತೆಗೆದು ಗುಂಡಿ ಬಿದ್ದಿದ್ದ ಉತ್ತರ ಪಿನಾಕಿನಿಯಲ್ಲಿ ಗೌರಿಬಿದನೂರಿನ ಜನ ತುಂಬು ಹೊಳೆ ಕಂಡರು. ಹುಟ್ಟಿದ ಮೇಲೆ ಆ ನದಿ ಹರಿದದ್ದನ್ನೇ ನೋಡದಿದ್ದ ಹುಡುಗರು ಮೊಬೈಲ್ ಹಿಡಿದು ಸೇತುವೆಗೆ ಬಂದರು.

ಎರಡೇ ವರ್ಷ ಕಳೆಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು, ಚಿಕ್ಕಬಳ್ಳಾಪುರ ಜಿಲ್ಲೆಯೂ ಅದರಲ್ಲಿತ್ತು. ಅಷ್ಟೊಂದು ನೀರು ಕಂಡ ನೆಲ ಅಷ್ಟು ಬೇಗ ಕೈ ಬರಿದು ಮಾಡಿಕೊಂಡದ್ದು ಹೇಗೆ ಎಂದು ಯಾರಾದರೂ ಗಟ್ಟಿಯಾಗಿ ಕೇಳಬೇಕಿತ್ತು. ಆ ಎರಡು ವರ್ಷದ ನಡುವೆ, 2022ರ ಡಿಸೆಂಬರ್‌ನಲ್ಲಿ, ಮಾಂಡೌಸ್ ಚಂಡಮಾರುತವೂ ಚೆನ್ನೈ ಬಳಿಯ ಮಾಮಲ್ಲಪುರದ ಹತ್ತಿರ ದಡ ದಾಟಿತ್ತು. 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಬಂದಾಗ ಇಲ್ಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಹಿಂಗಾರು ಮಳೆ ನಮ್ಮನ್ನು ಮರೆತಿಲ್ಲ.

ಕೆರೆ ಕಟ್ಟಿದವರ ಲೆಕ್ಕ

ನಂದಿಬೆಟ್ಟದ ಸಾಲು ನೀರಿನ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ಅರ್ಕಾವತಿ ಎಲ್ಲವೂ ಈ ಬೆಟ್ಟಗಳ ಸುತ್ತಮುತ್ತ ಹುಟ್ಟಿ ಒಂದೊಂದು ದಿಕ್ಕಿಗೆ ಹೋಗುತ್ತವೆ. ನದಿ ಹುಟ್ಟುವ ಜಾಗದಲ್ಲಿ ನದಿ ಸಣ್ಣದು. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ, ಬೇಸಾಯಕ್ಕೆ ಅಣೆಕಟ್ಟು ಕಟ್ಟುವ ಕಣಿವೆಗಳೂ ಕಡಿಮೆ. ಆದ್ದರಿಂದ ನಮ್ಮ ಹಿರಿಯರು ಹಳ್ಳಗಳಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕೆರೆ ಮಾಡಿದರು. ಒಂದೊಂದೇ ಕೆರೆಯಲ್ಲ, ಸಾಲು ಕೆರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ.

ಈ ಏರ್ಪಾಡಿನಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಕೆಲಸ. ಏರಿ ನೀರು ತಡೆಯಬೇಕು. ತೂಬು ಅಚ್ಚುಕಟ್ಟಿಗೆ ಅಳತೆಯ ನೀರು ಬಿಡಬೇಕು. ಕೋಡಿ ಹೆಚ್ಚಾದ ನೀರನ್ನು ಏರಿಗೆ ಅಪಾಯವಾಗದಂತೆ ಹೊರಹಾಕಬೇಕು. ಇವುಗಳಲ್ಲಿ ಜನ ಅತ್ಯಂತ ಹಗುರವಾಗಿ ನೋಡುವುದು ಕೋಡಿಯನ್ನು. ವರ್ಷಾನುವರ್ಷ ನೀರು ಬಾರದಿದ್ದಾಗ ಅದು ಸುಮ್ಮನೆ ಬಿದ್ದಿರುವ ಕಲ್ಲುಹಾಸು. ಅದರ ಮುಂದೆ ಒಂದು ಶೆಡ್ ಬರುತ್ತದೆ, ಪಕ್ಕದಲ್ಲಿ ಮಣ್ಣು ಸುರಿದು ದಾರಿಯಾಗುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿಯಲು ಶುರುವಾದರೆ ಅದು ಏರಿಯನ್ನು ಹಿಂಬದಿಯಿಂದ ಕೊರೆಯುತ್ತದೆ, ಕೆಲವು ಗಂಟೆಗಳಲ್ಲಿ ಬಿರುಕು ಬಾಯಿಯಾಗುತ್ತದೆ. ಕೆರೆ ಒಡೆಯುವುದು ಬಹಳ ಸಲ ಹೀಗೆ. ಕೋಡಿ ಮುಚ್ಚಿದ್ದರಿಂದ ಏರಿ ಹೋಗುತ್ತದೆ.

ಸುಮಾರು 700ರಿಂದ 750 ಮಿಲಿಮೀಟರ್ ವಾರ್ಷಿಕ ಮಳೆಯ ಈ ಸೀಮೆಯಲ್ಲಿ ಅಷ್ಟು ಅಗಲದ ಕೋಡಿಗಳನ್ನು ಏಕೆ ಕಟ್ಟಿದರು? ಸರಾಸರಿ ಮಳೆಗಾಗಿ ಅಲ್ಲ. ಹತ್ತು ವರ್ಷಕ್ಕೊಮ್ಮೆಯೋ ಇಪ್ಪತ್ತು ವರ್ಷಕ್ಕೊಮ್ಮೆಯೋ ಮೂಡಲಿಂದ ಬರುವ ಆ ಜಡಿಮಳೆಗಾಗಿ. ಕೆರೆ ಕಟ್ಟಿದವರಿಗೆ ಬಂಗಾಳಕೊಲ್ಲಿಯ ನಕ್ಷೆ ಗೊತ್ತಿರಲಿಲ್ಲ, ಅದರ ಮಳೆ ಗೊತ್ತಿತ್ತು.

ಕೆರೆಯ ಮೇಲೆ ನೀರುಗಂಟಿಯ ಕಣ್ಣಿರುತ್ತಿತ್ತು. ತೂಬು ಎತ್ತುವುದು, ಕಾಲುವೆಯ ಕಸ ತೆಗೆಸುವುದು, ಮಳೆ ಹಿಡಿದ ರಾತ್ರಿ ಲಾಟೀನು ಹಿಡಿದು ಏರಿಯ ಉದ್ದಕ್ಕೂ ನಡೆದು ಎಲ್ಲಾದರೂ ನೀರು ಒಸರುತ್ತಿದೆಯೇ ಎಂದು ನೋಡುವುದು ಅವನ ಪಾಲಿನ ಕೆಲಸ. ಬೇಸಿಗೆಯಲ್ಲಿ ಊರವರು ಗಾಡಿ ಕಟ್ಟಿ ಕೆರೆಯ ಗೋಡು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳವಾಯಿತು. ಕೊಳವೆಬಾವಿ ಬಂದ ಮೇಲೆ ಒಬ್ಬೊಬ್ಬರ ನೀರು ಒಬ್ಬೊಬ್ಬರ ಹೊಲದಲ್ಲೇ ಸಿಕ್ಕಿತು, ಕೆರೆ ಯಾರಿಗೂ ಬೇಡವಾಯಿತು. ನೀರುಗಂಟಿಗೆ ಕೊಡುತ್ತಿದ್ದ ಕಾಳು ನಿಂತಿತು. ಕೆರೆಯಂಗಳದಲ್ಲಿ ಜಾಲಿ ಹಬ್ಬಿತು, ಮೇಲಿನ ಗುಡ್ಡಗಳಲ್ಲಿ ನೀಲಗಿರಿ ಎದ್ದಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಈ ಜಿಲ್ಲೆಯ ಎಷ್ಟೋ ಗೋಮಾಳಗಳ ರೂಪವೇ ಬದಲಾಗಿತ್ತು.

ಪೇಟೆಗಳ ಕಥೆ ಇನ್ನೂ ಕಷ್ಟದ್ದು. ಚಿಕ್ಕಬಳ್ಳಾಪುರಕ್ಕೆ ಕಂದವಾರ ಕೆರೆ, ಗೋಪಾಲಕೃಷ್ಣ ಅಮಾನಿ ಕೆರೆ. ಶಿಡ್ಲಘಟ್ಟಕ್ಕೆ ಗೌಡನ ಕೆರೆ, ಅಮ್ಮನ ಕೆರೆ. ಚಿಂತಾಮಣಿಗೆ ಕನ್ನಂಪಲ್ಲಿ ಕೆರೆ. ಈ ಊರುಗಳು ಬೆಳೆದದ್ದೇ ಕೆರೆಯ ಪಕ್ಕದಲ್ಲಿ. ಬೆಳೆಯುತ್ತಾ ಹೋದಂತೆ ಕೆರೆಯಿಂದ ಕೆರೆಗೆ ಹೋಗುವ ಕಾಲುವೆಯ ಮೇಲೆ ಬಡಾವಣೆ ಬಂತು. ಸರ್ವೆ ನಕ್ಷೆಯಲ್ಲಿ ಕಾಲುವೆ ಇನ್ನೂ ಇದೆ, ನೆಲದ ಮೇಲೆ ಎರಡಡಿ ಚರಂಡಿ. ಆ ಚರಂಡಿಗೆ ಪ್ಲಾಸ್ಟಿಕ್ ತುಂಬಿದೆ. ಮನೆ ಕಟ್ಟಿಕೊಂಡವರಲ್ಲಿ ಹೆಚ್ಚಿನವರು ಸಾಲ ಮಾಡಿ ನಿವೇಶನ ಕೊಂಡ ಸಾಮಾನ್ಯರು, ಅದು ನೀರಿನ ದಾರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನೀರು ಬಂದ ರಾತ್ರಿಯೇ ಅವರಿಗೆ ಗೊತ್ತಾದದ್ದು.

ಮುದ್ದೇನಹಳ್ಳಿಯ ಇಂಜಿನಿಯರ್ ಕಂಡದ್ದು

ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ, 1861ರಲ್ಲಿ. ಅವರ ಹೆಸರು ಹೇಳಿದರೆ ಕನ್ನಂಬಾಡಿ ಅಣೆಕಟ್ಟು ನೆನಪಾಗುತ್ತದೆ. ಚಂಡಮಾರುತದ ನೆರೆಯೊಂದನ್ನು ಅವರು ಹೇಗೆ ಓದಿದರು ಎನ್ನುವುದು ಇಲ್ಲಿ ನಮಗೆ ಹೆಚ್ಚು ಬೇಕಾದ ವಿಷಯ.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಬಂಗಾಳಕೊಲ್ಲಿಯಿಂದ ಬಂದ ಬಿರುಮಳೆ ಅದು. ಮರುವರ್ಷ ನಿಜಾಮ ಸರ್ಕಾರದ ಕರೆಯ ಮೇಲೆ ವಿಶ್ವೇಶ್ವರಯ್ಯ ಅಲ್ಲಿಗೆ ಹೋದರು. ನಗರದೊಳಗಿನ ದಡ ಎತ್ತರಿಸಿದರೆ ಸಾಕೆಂದು ಅವರು ಕೈತೊಳೆದುಕೊಳ್ಳಲಿಲ್ಲ. ನಗರದ ಮೇಲ್ಗಡೆಯ ಇಡೀ ಜಲಾನಯನವನ್ನು ಲೆಕ್ಕಕ್ಕೆ ತೆಗೆದುಕೊಂಡರು. ಅಲ್ಲಿದ್ದ ನೂರಾರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದಿದ್ದವು. ಒಂದು ಒಡೆದ ರಭಸಕ್ಕೆ ಕೆಳಗಿನದು, ಅದರ ರಭಸಕ್ಕೆ ಇನ್ನೊಂದು. ಬಿದ್ದ ಮಳೆಯ ಜೊತೆಗೆ ಒಡೆದ ಕೆರೆಗಳ ನೀರೂ ಸೇರಿ ಊರನ್ನು ಹೊಡೆದಿತ್ತು.

ಅವರು ಸೂಚಿಸಿದ ಪರಿಹಾರ ನೆರೆಯ ನೀರನ್ನು ನಗರದ ಮೇಲ್ಗಡೆಯೇ ಹಿಡಿದಿಟ್ಟು ನಿಧಾನವಾಗಿ ಬಿಡುವುದು. ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ನೆರೆ ತಡೆಯಲು ಕಟ್ಟಿದ ಆ ಜಲಾಶಯಗಳೇ ಹೈದರಾಬಾದಿಗೆ ದಶಕಗಟ್ಟಲೆ ಕುಡಿಯುವ ನೀರು ಕೊಟ್ಟವು. ಸಾಲು ಕೆರೆಗಳ ಸೀಮೆಯಲ್ಲಿ ಕಣ್ಣು ಬಿಟ್ಟ ಮನುಷ್ಯನಿಗೆ ನೆರೆ ಮತ್ತು ನೀರಿನ ಅಭಾವ ಒಂದೇ ಲೆಕ್ಕದ ಎರಡು ಬದಿ ಎಂಬುದು ಹೊಳೆದದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಅವರು ಹುಟ್ಟಿದ ಜಿಲ್ಲೆ ಆ ಲೆಕ್ಕವನ್ನು ಮರೆತಿರುವುದು ನೋವಿನ ಸಂಗತಿ.

ಹುಳುಮನೆಗೆ ನುಗ್ಗದ ನೆರೆ

ಶಿಡ್ಲಘಟ್ಟದ ಕಡೆ ಚಂಡಮಾರುತದ ನಷ್ಟ ನೋಡಬೇಕಾದರೆ ಬೀದಿಯಲ್ಲಿ ನಿಂತ ನೀರನ್ನು ನೋಡಿದರೆ ಸಾಲದು, ಹುಳುಮನೆಯೊಳಗೆ ಹೋಗಬೇಕು. ಅಲ್ಲಿಗೆ ಒಂದು ಹನಿ ನೀರು ನುಗ್ಗದೆಯೂ ಬೆಳೆ ಹೋಗುತ್ತದೆ.

ರೇಷ್ಮೆಹುಳು ನಾಲ್ಕನೇ ಜ್ವರ (ಕೊನೆಯ ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ಏಳೆಂಟು ದಿನ ಒಂದೇ ಸಮನೆ ಮೇಯುತ್ತದೆ. ತನ್ನ ಜೀವಮಾನದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ತಿನ್ನುವುದು ಈ ದಿನಗಳಲ್ಲೇ. ಆಗ ಅದಕ್ಕೆ 23-24 ಡಿಗ್ರಿ ಹವೆ, ಶೇ 70ರ ಒಳಗಿನ ತೇವ, ನೀರಿನ ಹನಿಯಿಲ್ಲದ ತಾಜಾ ಸೊಪ್ಪು ಬೇಕು. ಜಡಿಮಳೆ ಹಿಡಿದರೆ ಈ ಮೂರೂ ಇಲ್ಲ. ಮನೆಮಂದಿಯೆಲ್ಲ ಗೋಣಿಚೀಲ ತಲೆಗೆ ಹಾಕಿಕೊಂಡು ತೋಟಕ್ಕೆ ಹೋಗಿ ತೊಯ್ದ ಹಿಪ್ಪುನೇರಳೆ ಕಡ್ಡಿ ಕೊಯ್ದು ತರುತ್ತಾರೆ. ಜಗುಲಿಯಲ್ಲಿ ಹಗ್ಗ ಕಟ್ಟಿ ನೇತುಹಾಕಿ, ಫ್ಯಾನ್ ಹಾಕಿ ನೀರು ಇಳಿಸುತ್ತಾರೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಹುಳು ಕಾಯುವುದಿಲ್ಲ. ಒದ್ದೆ ಸೊಪ್ಪನ್ನೇ ಹಾಕಬೇಕು. ತಟ್ಟೆಯ ಹಾಸಿಗೆ ಬೆವರುತ್ತದೆ, ಹಿಕ್ಕೆ ಕೊಳೆಯುತ್ತದೆ.

ತಣ್ಣಗಿನ ಹವೆ, ತುಂಬಿದ ತೇವ ಎರಡೂ ಸೇರಿದರೆ ಬರುವುದು ಸುಣ್ಣಕಟ್ಟು ರೋಗ. ಅದು ಶಿಲೀಂಧ್ರದ ರೋಗ. ಹುಳು ಮೇವು ಬಿಡುತ್ತದೆ, ಮೈ ಗಡುಸಾಗುತ್ತದೆ, ಸತ್ತ ಮೇಲೆ ಬೆಳ್ಳಗೆ ಸುಣ್ಣ ಬಳಿದಂತೆ ಕಡ್ಡಿಯಾಗುತ್ತದೆ. ಅದರ ಮೈಮೇಲಿನ ಬಿಳಿ ಪುಡಿ ಗಾಳಿಗೆ ಹಾರಿ ಪಕ್ಕದ ಹುಳುವಿಗೂ, ಪಕ್ಕದ ಮನೆಗೂ ಹತ್ತುತ್ತದೆ. ರೈತರು ಹಾಸಿಗೆಗೆ ಸುಣ್ಣ ಉದುರಿಸುತ್ತಾರೆ, ಸೋಂಕುನಿವಾರಕ ಪುಡಿ ಹಾಕುತ್ತಾರೆ. ಉಳಿದ ಹುಳು ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆ ಏರಿದರೂ, ತೇವದ ಹವೆಯಲ್ಲಿ ಕಟ್ಟಿದ ಗೂಡಿನ ಬಿಚ್ಚಾಣಿಕೆ ಚೆನ್ನಾಗಿರುವುದಿಲ್ಲ. ನೂಲು ತೆಗೆಯುವಾಗ ಎಳೆ ಕಡಿಯುತ್ತದೆ. ಗೂಡು ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರ್ ಕೈಯಲ್ಲಿ ಒಂದು ಹಿಡಿ ಎತ್ತಿ ಒತ್ತಿ ನೋಡಿದರೆ ಸಾಕು, ಹರಾಜಿನ ಬೆಲೆ ಅಲ್ಲೇ ಇಳಿಯುತ್ತದೆ.

ಈ ನಷ್ಟಕ್ಕೆ ಸರ್ಕಾರದ ಪಟ್ಟಿಯಲ್ಲಿ ಸರಿಯಾದ ಜಾಗವಿಲ್ಲ. ಬೆಳೆ ಪರಿಹಾರವನ್ನು ಹೆಕ್ಟೇರ್ ಲೆಕ್ಕದಲ್ಲಿ ಕೊಡುತ್ತಾರೆ. 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಆ ಮೊತ್ತವನ್ನು ಏರಿಸಿ, ಖುಷ್ಕಿ ಬೆಳೆಗೆ ಹೆಕ್ಟೇರಿಗೆ 13,600, ನೀರಾವರಿಗೆ 25,000, ತೋಟಗಾರಿಕೆಗೆ 28,000 ರೂಪಾಯಿ ಎಂದು ಘೋಷಿಸಿತು. ಆ ಹೆಚ್ಚಳ ಎಷ್ಟೋ ಮನೆಗಳಿಗೆ ಆಸರೆಯಾಯಿತು. ಆದರೆ ಹಿಪ್ಪುನೇರಳೆ ತೋಟ ಹಸಿರಾಗಿಯೇ ನಿಂತಿದ್ದು ಮನೆಯೊಳಗಿನ ಹುಳು ಸತ್ತರೆ, ಹೊಲ ಅಳೆಯಲು ಬಂದವರು ಏನನ್ನು ಅಳೆಯಬೇಕು?

ತೆನೆಯಲ್ಲೇ ಮೊಳೆತ ರಾಗಿ

ರಾಗಿಯ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳಬಹುದು. ಬಲಿತ ತೆನೆ ನೆಲಕ್ಕೊರಗಿ ನಾಲ್ಕು ದಿನ ನೆನೆದರೆ ಕಾಳು ತೆನೆಯಲ್ಲೇ ಮೊಳೆಯುತ್ತದೆ. ಹಿಟ್ಟಿಗೂ ಬಾರದು, ಬಿತ್ತನೆಗೂ ಬಾರದು. ಅದಕ್ಕಿಂತ ದೊಡ್ಡ ಪೆಟ್ಟು ಹುಲ್ಲಿನದು. ಮಳೆಗೆ ಸಿಕ್ಕ ಹುಲ್ಲು ಕಪ್ಪಾಗಿ ಬೂಸು ಹಿಡಿಯುತ್ತದೆ, ಹಸು ಮೂಸಿ ನೋಡಿ ಬಿಡುತ್ತದೆ. ಡೇರಿಗೆ ಹಾಕುವ ಹಾಲಿನ ಮೇಲೆ ಸಂಸಾರ ನಡೆಸುವ ಮನೆಗೆ ಬಣವೆ ಇಲ್ಲದ ಬೇಸಿಗೆ ಅಂದರೆ ಹಸು ಮಾರುವ ಬೇಸಿಗೆ.

ದ್ರಾಕ್ಷಿಗೆ ಬೂಜುರೋಗ, ಸೇವಂತಿಗೆಗೆ ಕೊಳೆ. ಟೊಮೆಟೊ ಹಣ್ಣು ಸೀಳಿ ಗಿಡದಲ್ಲೇ ಹಾಳಾಗುತ್ತದೆ. 2021ರ ನವೆಂಬರ್‌ನಲ್ಲಿ ಬೆಂಗಳೂರು, ಚೆನ್ನೈಗಳಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿ ದೊಡ್ಡ ಸುದ್ದಿಯಾಯಿತು. ಆ ಬೆಲೆ ಬಂದಾಗ ಇಲ್ಲಿನ ಬಹುಪಾಲು ರೈತರ ಹತ್ತಿರ ಮಾರಲು ಹಣ್ಣಿರಲಿಲ್ಲ.

ಇಲ್ಲಿ ತಪ್ಪಿದರೆ ಕೆಳಗಿನವರಿಗೆ

ನದಿಯ ತಲೆಯಲ್ಲಿ ಕೂತವರಿಗೆ ಒಂದು ಹೊಣೆ ಇರುತ್ತದೆ. ಗೌರಿಬಿದನೂರು ದಾಟಿದ ಉತ್ತರ ಪಿನಾಕಿನಿ ಹಿಂದೂಪುರದ ಕಡೆ ಹೋಗಿ ಪೆನ್ನಾ ಎನಿಸಿಕೊಳ್ಳುತ್ತದೆ. ಬಾಗೇಪಲ್ಲಿಯ ಮೇಲೆ ಹೋಗುವ ಚಿತ್ರಾವತಿಯೂ, ಶಿಡ್ಲಘಟ್ಟದ ಕಡೆ ಹುಟ್ಟುವ ಪಾಪಾಗ್ನಿಯೂ ಕೊನೆಗೆ ಕಡಪ ಜಿಲ್ಲೆಯಲ್ಲಿ ಅದನ್ನೇ ಸೇರುತ್ತವೆ. 2021ರ ನವೆಂಬರ್ 19ರಂದು ಅನಂತಪುರ ಜಿಲ್ಲೆಯಲ್ಲಿ ಚಿತ್ರಾವತಿಯ ಮಧ್ಯೆ ಸಿಲುಕಿದ್ದವರನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿತು. ಅದೇ ದಿನಗಳಲ್ಲಿ ಕಡಪದ ಕಮಲಾಪುರಂ ಬಳಿ ಪಾಪಾಗ್ನಿಯ ಸೇತುವೆ ಕುಸಿಯಿತು. ಆ ನೀರೆಲ್ಲ ನಮ್ಮದಲ್ಲ, ಅಲ್ಲಿಯೂ ಭಾರಿ ಮಳೆ ಸುರಿದಿತ್ತು. ಆದರೂ ಅದರಲ್ಲಿ ನಮ್ಮ ಪಾಲಿತ್ತು.

ಹಳೆಯ ನೆನಪೊಂದಿದೆ. 1903ರ ನವೆಂಬರ್‌ನಲ್ಲಿ ಪಾಲಾರ್ ಉಕ್ಕಿ ಇಂದಿನ ತಮಿಳುನಾಡಿನ ವಾಣಿಯಂಬಾಡಿ ಮುಳುಗಿತು. ಆಗ ಕೋಲಾರದ ಕಡೆ ಬೇತಮಂಗಲದ ದೊಡ್ಡ ಕೆರೆಯ ಏರಿ ಒಡೆದಿತ್ತು. ಮೇಲಿನ ಊರಿನ ಒಂದು ಏರಿಯ ಸ್ಥಿತಿ ಬೇರೆ ರಾಜ್ಯದ ಒಂದು ಪಟ್ಟಣದ ಹಣೆಬರಹ ಬರೆಯಬಲ್ಲದು.

ವರ್ಷವಿಡೀ ತುಂಬಿದ ಕೆರೆ

ಈಚೆಗೆ ಒಂದು ಹೊಸ ತೊಡಕು ಸೇರಿದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ದಿನಕ್ಕೆ 210 ದಶಲಕ್ಷ ಲೀಟರ್‌ನಂತೆ 65 ಕೆರೆಗಳಿಗೆ ಹರಿಸುವ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಈ ಜಿಲ್ಲೆಯ ಕೆರೆಗಳೂ ಇವೆ. ಕಂದವಾರ ಕೆರೆ ಅವುಗಳಲ್ಲೊಂದು. ಮೂರನೇ ಹಂತದ ಸಂಸ್ಕರಣೆ ಇಲ್ಲದೆ ಈ ನೀರನ್ನು ಅಂತರ್ಜಲಕ್ಕೆ ಬಿಡಬಾರದೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಬಹಳ ಕಾಲದಿಂದ ಹೇಳುತ್ತಿದೆ. ಆ ಬೇಡಿಕೆ ನ್ಯಾಯವಾದದ್ದು. ನೆರೆಯ ದೃಷ್ಟಿಯಿಂದ ಇನ್ನೊಂದು ಮಾತಿದೆ, ಅದನ್ನು ಯಾರೂ ಹೆಚ್ಚು ಆಡುತ್ತಿಲ್ಲ.

ಒಣಗಿದ ಕೆರೆಗೆ ಚಂಡಮಾರುತದ ಮಳೆ ಬಂದರೆ ಕೆರೆಯ ಪೂರ್ತಿ ಹೊಟ್ಟೆ ಖಾಲಿ ಇರುತ್ತದೆ. ದಿನವೂ ಪೈಪಿನಲ್ಲಿ ನೀರು ಬಂದು ಅಂಚಿನವರೆಗೆ ತುಂಬಿರುವ ಕೆರೆಗೆ ಅದೇ ಮಳೆ ಬಂದರೆ, ಬಿದ್ದಷ್ಟೂ ನೀರು ಆ ಗಳಿಗೆಯಿಂದಲೇ ಕೋಡಿಗೆ ಹೋಗುತ್ತದೆ. ಒಳ್ಳೆಯ ಮಳೆನೀರು ಕೈಬಿಟ್ಟು ಹೋಗಿ, ಸಂಸ್ಕರಿಸಿದ ಕೊಳಚೆ ನೀರು ಕೆರೆಯಲ್ಲಿ ಉಳಿಯುತ್ತದೆ. ಅಣೆಕಟ್ಟುಗಳಲ್ಲಿ ಮಳೆಗಾಲದ ಮುಂಚೆ ಮಟ್ಟ ಇಳಿಸುವ ಪದ್ಧತಿ ಇದೆ. ಈ ಕೆರೆಗಳಿಗೂ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ನಡುವರೆಗೆ ಪೈಪಿನ ನೀರು ತಗ್ಗಿಸಿ, ಹಿಂಗಾರಿಗೆ ಜಾಗ ಬಿಡುವ ಕ್ರಮ ಬೇಕು. ಇದಕ್ಕೆ ಹೊಸ ಯೋಜನೆ ಬೇಡ, ವಾಲ್ವ್ ತಿರುಗಿಸುವ ಒಂದು ವೇಳಾಪಟ್ಟಿ ಸಾಕು.

ಆಗಬೇಕಾದ ಕೆಲಸ

ಮುನ್ಸೂಚನೆಯ ಕೊರತೆ ಈಗ ನಮಗಿಲ್ಲ. 1988ರಲ್ಲಿ ಬರ ಗಮನಿಸುವ ಘಟಕವಾಗಿ ಶುರುವಾದ ರಾಜ್ಯದ ಸಂಸ್ಥೆ, ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಅದಕ್ಕೆ ಮಾಹಿತಿ ಹರಿಯುತ್ತದೆ, 'ವರುಣಮಿತ್ರ' ಸಹಾಯವಾಣಿಯಲ್ಲಿ ರೈತ ತನ್ನ ಊರಿನ ಮಳೆಯ ಬಗ್ಗೆ ಕೇಳಬಹುದು. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಹುಟ್ಟಿದ ಮೂರು ನಾಲ್ಕು ದಿನದ ಬಳಿಕವೇ ಮಳೆ ನಮ್ಮನ್ನು ಮುಟ್ಟುವುದು. ಕೊಯ್ದ ರಾಗಿಯನ್ನು ಮೆದೆ ಹಾಕಿ ಟಾರ್ಪಾಲು ಹೊದಿಸಲು, ಎರಡು ದಿನದ ಸೊಪ್ಪು ಮೊದಲೇ ಕೊಯ್ದಿಟ್ಟುಕೊಳ್ಳಲು, ತಗ್ಗಿನ ಮನೆಯ ಅಜ್ಜಿಯನ್ನು ಶಾಲೆಗೆ ಕರೆದೊಯ್ಯಲು ಅಷ್ಟು ಹೊತ್ತು ಸಾಕು. ಸುದ್ದಿ ಚೆನ್ನೈ ಹೆಸರಿನಲ್ಲಿ ಬರುವುದರಿಂದ ಅದು ನಮ್ಮದಲ್ಲ ಎಂದುಕೊಳ್ಳುವ ರೂಢಿ ಬಿಡಬೇಕು ಅಷ್ಟೇ.

ದೊಡ್ಡ ಕೆಲಸ ಇರುವುದು ಕಾಲುವೆಯಲ್ಲಿ. ಕೆರೆ ಅಭಿವೃದ್ಧಿ ಎಂದರೆ ಹೂಳು ತೆಗೆದು, ಏರಿಯ ಮೇಲೆ ನಡಿಗೆಪಥ ಹಾಕಿ, ದೀಪ ಹಚ್ಚುವುದು ಎಂದಾಗಿದೆ. ನೀರು ಬರುವ ದಾರಿಯೂ ಹೋಗುವ ದಾರಿಯೂ ಮುಚ್ಚಿರುವಾಗ ದೀಪ ಏನು ಮಾಡೀತು? ಹೂಳೆತ್ತುವುದರಲ್ಲೂ ಎಚ್ಚರ ಬೇಕು. ಜೆಸಿಬಿ ಇಳಿಸಿ ಏರಿಯ ಬುಡದಲ್ಲೇ ಆಳ ಗುಂಡಿ ತೋಡಿದರೆ ಏರಿ ಸಡಿಲವಾಗುತ್ತದೆ. ಗೋಡು ಪದರ ಪದರವಾಗಿ, ಏರಿಯಿಂದ ದೂರದಲ್ಲಿ ತೆಗೆಯಬೇಕೆಂದು ಗಾಡಿ ಕಟ್ಟುತ್ತಿದ್ದ ಹಳಬರಿಗೆ ಗೊತ್ತಿತ್ತು.

ಕೆರೆ ಸಂರಕ್ಷಣೆಗೆ 2014ರಲ್ಲೇ ಕಾನೂನು ಬಂದಿದೆ. ಒತ್ತುವರಿ ಗುರುತಿಸಲು ಹಳೆಯ ಗ್ರಾಮ ನಕ್ಷೆಗಳಿವೆ. ಬಡವನ ಗುಡಿಸಲಿನಿಂದ ತೆರವು ಶುರು ಮಾಡಿ ಕಲ್ಯಾಣ ಮಂಟಪದ ಮುಂದೆ ನಿಲ್ಲಿಸುವ ಕ್ರಮವನ್ನು ಜನ ನೋಡಿ ನೋಡಿ ಬೇಸತ್ತಿದ್ದಾರೆ. ಮೇಲಿನ ಗುಡ್ಡದ ಕ್ವಾರಿ ಹಳ್ಳದ ದಾರಿ ಕಡಿದಿದ್ದರೆ ಅದೂ ಒತ್ತುವರಿಯೇ. ಗೋಮಾಳದ ನೀಲಗಿರಿ ಕಡಿದ ಜಾಗದಲ್ಲಿ ಹೊಂಗೆ, ಹುಣಸೆ, ಬೇವು ಬರಬೇಕು. ಭೂಮಿಯ ಬಿಸಿ ಇಳಿಸುವ ಮಾತುಕತೆ ದೊಡ್ಡ ದೊಡ್ಡ ದೇಶಗಳ ನಡುವೆ ನಡೆಯುತ್ತಿದೆ, ಅಲ್ಲಿ ನಮ್ಮ ದನಿಯೂ ಇರಬೇಕು. ಆದರೆ ಅಲ್ಲಿ ಸಹಿ ಬೀಳುವವರೆಗೆ ಚಿಂತಾಮಣಿಯ ಕಾಲುವೆ ಕಾಯಬೇಕಾಗಿಲ್ಲ.

ಪ್ರತಿ ಗ್ರಾಮ ಪಂಚಾಯಿತಿಯೂ ಒಬ್ಬ ನೀರುಗಂಟಿಯನ್ನು ಮತ್ತೆ ನೇಮಿಸಿಕೊಳ್ಳಲಿ, ಗಂಡಸಾಗಲಿ ಹೆಂಗಸಾಗಲಿ, ತಿಂಗಳ ಸಂಬಳದ ಮೇಲೆ. ಏರಿಯಲ್ಲಿ ಇಲಿ, ಹೆಗ್ಗಣ ತೋಡಿದ ಬಿಲ, ಬೇರು ಬಿಟ್ಟ ಜಾಲಿ, ತುಕ್ಕು ಹಿಡಿದ ತೂಬು, ಕೋಡಿಯ ಮುಂದೆ ಬಿದ್ದ ಕಟ್ಟಡದ ಕಸ ಎಲ್ಲವನ್ನೂ ಬರೆದಿಡುವ ಪುಸ್ತಕ ಅವರ ಕೈಯಲ್ಲಿರಲಿ. ಗೌರಿ ಹಬ್ಬದ ಹೊತ್ತಿಗೆ ಆ ಪುಸ್ತಕವನ್ನು ಗ್ರಾಮಸಭೆಯ ಮುಂದೆ ಓದಿಸಲಿ. ಸಣ್ಣ ಕೆಲಸಗಳು ದಸರೆಗೆ ಮುಂಚೆ ಉದ್ಯೋಗ ಖಾತರಿಯಲ್ಲಿ ಮುಗಿಯಲಿ, ದೊಡ್ಡವು ಬೇಸಿಗೆಯ ಕ್ರಿಯಾಯೋಜನೆಗೆ ಸೇರಲಿ. ವಿಶಾಖ ಮಳೆ ನವೆಂಬರ್ ಮೊದಲ ವಾರ ಹುಟ್ಟುತ್ತದೆ. ಅಷ್ಟರೊಳಗೆ ಊರ ಕೆರೆಯ ಕೋಡಿಯಿಂದ ಮುಂದಿನ ಕೆರೆಯವರೆಗೆ ಕಾಲುವೆಯ ಜೊತೆಗೇ ಒಮ್ಮೆ ನಡೆದು, ಎಲ್ಲಿ ದಾರಿ ಕಟ್ಟಿದೆ ಎಂದು ಆ ಪುಸ್ತಕದಲ್ಲಿ ಗುರುತು ಹಾಕಿಸಬೇಕು.